ತಿಂಗಳಿಗೆ 149 ರೂಪಾಯಿಯ ಹೋಸ್ಟಿಂಗ್, 27,328 ರೂಪಾಯಿಯ ಬಿಲ್ಲು: ದಾವಣಗೆರೆಯ ಅಂಗಡಿಯೊಂದರ ಪ್ರಕರಣ

ಹಿನ್ನೆಲೆ

ದಾವಣಗೆರೆಯಲ್ಲಿ ಅಕ್ಕಿ ಗಿರಣಿಗಳಿಗೆ ಬಿಡಿಭಾಗ ಮಾರುವ ಅಂಗಡಿ ಇದು. ರಬ್ಬರ್ ರೋಲು, ಎಲಿವೇಟರ್ ಬಕೆಟ್ಟು, ಬೆಲ್ಟು, ಜರಡಿ, ಬೇರಿಂಗು. ಅಣ್ಣ-ತಮ್ಮ ಇಬ್ಬರು ನಡೆಸುತ್ತಾರೆ, ಕೆಲಸಕ್ಕೆ ಒಬ್ಬ ಹುಡುಗ. ಗಿರಾಕಿಗಳು ಹೆಚ್ಚಾಗಿ ಭದ್ರಾ ನಾಲೆಯ ನೀರು ಹರಿಯುವ ಊರುಗಳ ಗಿರಣಿಯವರು: ಹರಿಹರ, ಮಲೇಬೆನ್ನೂರು, ಹೊನ್ನಾಳಿ. ಗಂಗಾವತಿ, ಸಿಂಧನೂರು ಕಡೆಯವರೂ ವಿಚಾರಿಸುತ್ತಾರೆ, ಅವರು ಬರುವುದು ವೆಬ್‌ಸೈಟ್ ನೋಡಿಕೊಂಡು. ಮಳೆಗಾಲದ ಭತ್ತ ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬಂತೆಂದರೆ ಗಿರಣಿಗಳು ಎಡೆಬಿಡದೆ ಓಡುತ್ತವೆ, ರೋಲುಗಳು ಸವೆಯುತ್ತವೆ. ಅಂಗಡಿಯ ದೊಡ್ಡ ವ್ಯಾಪಾರ ಆ ಎರಡು ತಿಂಗಳದ್ದು. ಹೋಸ್ಟಿಂಗ್, ಅಂದರೆ ವೆಬ್‌ಸೈಟ್ ಇಡುವ ಬಾಡಿಗೆ ಜಾಗದ ಅವಧಿ ಮುಗಿದದ್ದೂ ಸರಿಯಾಗಿ ಅದೇ ಹೊತ್ತಿಗೆ.

ವೆಬ್‌ಸೈಟ್ ಆದದ್ದು 2021ರ ನವೆಂಬರ್‌ನಲ್ಲಿ. ಡಿಪ್ಲೊಮಾ ಮುಗಿಸಿದ್ದ ಪರಿಚಯದ ಹುಡುಗನೊಬ್ಬ ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿಕೊಟ್ಟ. ಸುಮಾರು 340 ಬಿಡಿಭಾಗಗಳ ಫೋಟೋ, ಅಳತೆ, ಯಾವ ಯಂತ್ರಕ್ಕೆ ಯಾವುದು ಕೂರುತ್ತದೆ ಎಂಬ ಪಟ್ಟಿ. ಅದರ ಜೊತೆಗೆ ಅಂಗಡಿಯ ಹೆಸರಿನಲ್ಲೇ ಮೂರು ಇಮೇಲ್ ವಿಳಾಸ. ಕೊಟೇಷನ್ನು, ಪರ್ಚೇಸ್ ಆರ್ಡರು, ಜಿಎಸ್‌ಟಿ ಬಿಲ್ಲು ಎಲ್ಲ ಆ ಮೇಲ್‌ನಲ್ಲೇ ಓಡಾಡುತ್ತಿದ್ದವು. ವೆಬ್‌ಸೈಟ್ ಎರಡು ದಿನ ಮುಚ್ಚಿದ್ದರೆ ಅಂಗಡಿ ತಡೆದುಕೊಂಡೀತು. ಮೇಲ್ ಎರಡು ದಿನ ನಿಂತರೆ ತಡೆದುಕೊಳ್ಳಲಾರದು. ಮುಂದಿನ ಎಲ್ಲ ತೀರ್ಮಾನಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಡೊಮೇನು (ವೆಬ್‌ಸೈಟಿನ ಹೆಸರು), ಹೋಸ್ಟಿಂಗು, ಮೇಲು ಮೂರನ್ನೂ ವೆಬ್‌ಸೈಟ್ ಕಟ್ಟಿದ ಹುಡುಗ ಒಂದೇ ಕಂಪನಿಯಲ್ಲಿ, ಒಂದೇ ಖಾತೆಯಲ್ಲಿ, ತನ್ನದೇ ಇಮೇಲ್ ಕೊಟ್ಟು ಕೊಂಡ. ದುಡ್ಡು ಹೋದದ್ದು ಮಾತ್ರ ಮಾಲೀಕರ ಡೆಬಿಟ್ ಕಾರ್ಡಿನಿಂದ. ಇದರಲ್ಲಿ ಮೋಸವೇನೂ ಇರಲಿಲ್ಲ. ಊರಲ್ಲಿ ವೆಬ್‌ಸೈಟ್ ಮಾಡಿಕೊಡುವ ಬಹುಪಾಲು ಹುಡುಗರು ಹೀಗೇ ಮಾಡುತ್ತಾರೆ, ಏಕೆಂದರೆ ಮಾಲೀಕರಿಗೆ ಪಾಸ್‌ವರ್ಡಿನ ಗೊಡವೆ ಬೇಕಿರುವುದಿಲ್ಲ. ಎರಡು ವರ್ಷದ ಮೇಲೆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ. ಆ ಹಳೆಯ ಇಮೇಲ್ ತೆರೆಯುವುದನ್ನೂ ಬಿಟ್ಟ.

ಬಿಲ್ಲಿನ ಒಳಗೆ ಏನಿತ್ತು

ಜಾಹೀರಾತಿನಲ್ಲಿ ಇದ್ದದ್ದು ತಿಂಗಳಿಗೆ 149 ರೂಪಾಯಿ, ಡೊಮೇನ್ ಉಚಿತ. ಆ ಬೆಲೆ ಸಿಗಬೇಕಾದರೆ 36 ತಿಂಗಳ ಹಣ ಒಟ್ಟಿಗೆ ಕಟ್ಟಬೇಕು: 5,364 ರೂಪಾಯಿ. ಹಣ ಕಟ್ಟುವ ಪುಟದಲ್ಲಿ 599 ರೂಪಾಯಿಯ 'ಸೈಟ್ ಸುರಕ್ಷತೆ' ಎಂಬ ಸೇವೆಗೆ ಮೊದಲೇ ಟಿಕ್ ಬಿದ್ದಿತ್ತು, ಹುಡುಗ ತೆಗೆಯಲಿಲ್ಲ. 18% ಜಿಎಸ್‌ಟಿ ಸೇರಿ 7,036.34 ಆಯಿತು. ಅಂಗಡಿಗೆ ಜಿಎಸ್‌ಟಿ ನೋಂದಣಿ ಇದ್ದರೂ ಬಿಲ್ಲಿಗೆ ಆ ಸಂಖ್ಯೆ ಹಾಕಿರಲಿಲ್ಲ. ಹಾಗಾಗಿ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ಟೂ ಕೈಗೆ ಬರಲಿಲ್ಲ.

36 ತಿಂಗಳು ಹೋಸ್ಟಿಂಗ್‌ಗೆ ಮಾತ್ರ. ಡೊಮೇನ್ ಉಚಿತ ಇದ್ದದ್ದು ಮೊದಲ ವರ್ಷಕ್ಕೆ, ಅದರೊಟ್ಟಿಗಿನ, ಒಡೆಯನ ಹೆಸರು-ಫೋನ್ ಮರೆಮಾಡುವ 'ಪ್ರೈವೆಸಿ' ಸೇವೆಯೂ ಅಷ್ಟೇ. ಹಾಗಾಗಿ 2022ರ ನವೆಂಬರ್‌ನಲ್ಲಿ ಡೊಮೇನಿಗೆ 1,399, ಪ್ರೈವೆಸಿಗೆ 599, ಸುರಕ್ಷತೆಗೆ 1,199 (ಮೊದಲ ವರ್ಷ 599 ಇದ್ದದ್ದು), ತೆರಿಗೆ ಸೇರಿ 3,772.46 ಕಾರ್ಡಿನಿಂದ ತಾನಾಗಿ ಹೋಯಿತು. 2023ರಲ್ಲಿ ಮತ್ತೆ ಅಷ್ಟೇ. ಮೂರು ವರ್ಷಕ್ಕೆ ಕಟ್ಟಿದ್ದು ಒಟ್ಟು 14,581.26 ರೂಪಾಯಿ, ಅಂದರೆ ತಿಂಗಳಿಗೆ 405. ಇದನ್ನು ಅಲ್ಲಿಯವರೆಗೆ ಯಾರೂ ಕೂಡಿ ನೋಡಿರಲಿಲ್ಲ.

2024ರ ನವೀಕರಣದ ಬಿಲ್ಲು ಹೀಗಿತ್ತು. ಹೋಸ್ಟಿಂಗ್ ತಿಂಗಳಿಗೆ 499ರಂತೆ 36 ತಿಂಗಳಿಗೆ 17,964. ಡೊಮೇನ್ 1,399. ಪ್ರೈವೆಸಿ 599. ಸುರಕ್ಷತೆ 1,199. ಮೂರು ವರ್ಷ ಉಚಿತವಿದ್ದ, ಸೈಟಿನ ಸಂಪರ್ಕ ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಈಗ ವರ್ಷಕ್ಕೆ 1,999. ಎಲ್ಲ ಸೇರಿ 23,160, ಅದರ ಮೇಲೆ ಜಿಎಸ್‌ಟಿ 4,168.80, ಒಟ್ಟು 27,328.80. ಇದನ್ನು ಕಟ್ಟಿಬಿಟ್ಟಿದ್ದರೂ ಮುಂದಿನ ಎರಡು ವರ್ಷ ಡೊಮೇನು ಮತ್ತು ಉಳಿದ ಸೇವೆಗಳಿಗೆ ವರ್ಷಕ್ಕೆ 6,131.28 ಹೋಗುತ್ತಲೇ ಇರುತ್ತಿತ್ತು. ಮೂರು ವರ್ಷದ ನಿಜವಾದ ಲೆಕ್ಕ 39,591.36.

ಇಲ್ಲಿ ಕಂಪನಿಯ ಕಡೆಯ ಲೆಕ್ಕವನ್ನೂ ಹೇಳಬೇಕು. ಡಾಟ್ ಕಾಮ್ ಹೆಸರುಗಳ ದಾಖಲೆ ನಡೆಸುವ ವೆರಿಸೈನ್ ಕಂಪನಿ ಒಂದು ಹೆಸರಿಗೆ ಪಡೆಯುವ ಸಗಟು ದರ 2021ರ ಸೆಪ್ಟೆಂಬರ್‌ನಲ್ಲಿ 8.39 ಡಾಲರ್ ಇದ್ದದ್ದು 2024ರ ಸೆಪ್ಟೆಂಬರ್‌ಗೆ 10.26ಕ್ಕೆ ಏರಿತು. ಹೋಸ್ಟಿಂಗ್ ಖಾತೆಗಳನ್ನು ನೋಡಿಕೊಳ್ಳುವ ತಂತ್ರಾಂಶ ಸಿ-ಪ್ಯಾನೆಲ್ 2019ರಲ್ಲಿ ಸರ್ವರಿಗೆ ಒಂದು ಲೈಸೆನ್ಸ್ ಎಂಬ ಪದ್ಧತಿ ಬಿಟ್ಟು ಖಾತೆಗಳ ಸಂಖ್ಯೆಯ ಮೇಲೆ ದರ ನಿಗದಿ ಮಾಡಿತು. ಅಗ್ಗದ ಹೋಸ್ಟಿಂಗ್ ಕಂಪನಿಗಳು ಮೊದಲ ಅವಧಿಯಲ್ಲಿ ಲಾಭವಿಲ್ಲದೆ ಕೊಟ್ಟು ನವೀಕರಣದಲ್ಲಿ ವಸೂಲು ಮಾಡುವುದಕ್ಕೆ ಇವೂ ಕಾರಣ. ನವೀಕರಣದ ದರ ಹೆಚ್ಚಿರುವುದು ಅಷ್ಟಕ್ಕೇ ಕಾನೂನುಬಾಹಿರವೂ ಅಲ್ಲ. ತಪ್ಪಿರುವುದು 499 ಎಂಬ ಅಂಕಿಯನ್ನು ಕೊಳ್ಳುವ ಹೊತ್ತಿಗೆ ಕಣ್ಣಿಗೆ ಬೀಳದ ಹಾಗೆ ಇಟ್ಟದ್ದರಲ್ಲಿ, ಬೇಡದ ಸೇವೆಗೆ ತಾವೇ ಟಿಕ್ ಹಾಕಿದ್ದರಲ್ಲಿ. ಎಸ್‌ಎಸ್‌ಎಲ್‌ಗೆ 1,999 ಕೇಳಿದ್ದಂತೂ ಒಪ್ಪುವ ಮಾತೇ ಅಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆಯ ಪ್ರಮಾಣಪತ್ರ ಯಾರಿಗಾದರೂ ಉಚಿತವಾಗಿ ಸಿಗುತ್ತದೆ, ಅವಧಿ ಮುಗಿಯುವ ಮೊದಲೇ ತಾನಾಗಿ ನವೀಕರಣವಾಗುವಂತೆ ಇಟ್ಟುಕೊಳ್ಳಬಹುದು. ಇಂಥ ಅಂಗಡಿಗೆ ಅದಕ್ಕಿಂತ ಹೆಚ್ಚಿನದು ಏನೂ ಬೇಕಾಗಿಲ್ಲ. ಪ್ರೈವೆಸಿಯೂ ಹಾಗೆಯೇ: 2018ರ ಮೇ ತಿಂಗಳಿಂದ ಡಾಟ್ ಕಾಮ್‌ನ ಸಾರ್ವಜನಿಕ ದಾಖಲೆಯಲ್ಲಿ ಖಾಸಗಿ ವ್ಯಕ್ತಿಯ ಹೆಸರು, ಫೋನ್ ಸಾಮಾನ್ಯವಾಗಿ ಮರೆಯಲ್ಲೇ ಇರುತ್ತವೆ.

ಕೈಕೊಟ್ಟ ದಿನ

ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಮತ್ತೆ ಮತ್ತೆ ತಾನಾಗಿ ಹೋಗುವ ಹಣಕ್ಕೆ ಇ-ಮ್ಯಾಂಡೇಟ್, ಅಂದರೆ ಮೊದಲೇ ಕೊಟ್ಟ ಒಪ್ಪಿಗೆ ಇರಬೇಕು, ಹಣ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು. ಇಂಥ ಸೇವೆಗಳಿಗೆ 15,000 ರೂಪಾಯಿ ಮೀರಿದರೆ ಪ್ರತಿ ಸಲವೂ ಒಟಿಪಿ ಕೊಟ್ಟು ಒಪ್ಪಬೇಕು. 3,772 ರೂಪಾಯಿ ಆ ಮಿತಿಯ ಒಳಗಿತ್ತು, ಮೆಸೇಜ್ ಬಂದರೂ ಮಾಲೀಕರು 'ವೆಬ್‌ಸೈಟಿಂದು ಇರಬೇಕು' ಎಂದು ಸುಮ್ಮನಾಗಿದ್ದರು. 27,328.80 ಮಿತಿ ಮೀರಿತು. ನವೆಂಬರ್ ಎರಡನೇ ವಾರದಲ್ಲಿ ಒಪ್ಪಿಗೆ ಕೇಳಿ ಮೆಸೇಜ್ ಬಂದಾಗ ಅವರು ಸೈಬರ್ ವಂಚನೆಯೆಂದು ತಿಳಿದು ಅಳಿಸಿಹಾಕಿದರು. ಆ ಅಳಿಸಿದ್ದೇ ಹಣ ಉಳಿಸಿತು. ನವೀಕರಣದ ಮೊತ್ತ 14,000 ಆಗಿದ್ದರೆ ಎಲ್ಲವೂ ಸದ್ದಿಲ್ಲದೆ ಹೋಗಿ, ಈ ಪ್ರಕರಣವೇ ಇರುತ್ತಿರಲಿಲ್ಲ.

ಡೊಮೇನಿನ ವಿಷಯದಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ನಿಯಮವಿದೆ: ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಂದು, ಒಂದು ವಾರ ಮೊದಲು ಇನ್ನೊಂದು, ಮುಗಿದ ಐದು ದಿನದೊಳಗೆ ಮತ್ತೊಂದು ಸೂಚನೆ ಕಳಿಸಬೇಕು. ಕಂಪನಿ ಕಳಿಸಿತ್ತು. ಹೋದದ್ದು ಹುಡುಗನ ಹಳೆಯ ಇಮೇಲ್‌ಗೆ.

ನವೆಂಬರ್ 24, ಭಾನುವಾರ, ಹೋಸ್ಟಿಂಗು ಡೊಮೇನು ಎರಡರ ಅವಧಿಯೂ ಮುಗಿಯಿತು. ಸೋಮವಾರ ಬೆಳಿಗ್ಗೆ ಮಲೇಬೆನ್ನೂರಿನ ಗಿರಣಿಯವರು ಫೋನ್ ಮಾಡಿದರು: 'ಸಾವ್ಕಾರ್ರೆ, ಆರ್ಡರ್ ಕಳ್ಸಿದ್ರೆ ನಿಮ್ ಮೇಲ್ ವಾಪಸ್ ಬರ್ತೈತಲ್ರಿ.' ವೆಬ್‌ಸೈಟ್ ತೆರೆದರೆ ಅಂಗಡಿಯ ಹೆಸರಿನ ಜಾಗದಲ್ಲಿ ಬೇರೆಯವರ ಜಾಹೀರಾತುಗಳಿದ್ದ ಪುಟ.

ಮೊದಲು ಮಾಡಿದ್ದು, ಫಲಿಸದೆ ಹೋದದ್ದು

ಬೆಂಗಳೂರಿನಲ್ಲಿದ್ದ ಹುಡುಗ ಫೋನ್ ಎತ್ತಿದ, ಹಳೆಯ ಇಮೇಲ್ ತೆರೆದುಕೊಟ್ಟ. ಇದು ಈ ಪ್ರಕರಣದ ದೊಡ್ಡ ಅದೃಷ್ಟ. ಅವನು ಸಿಗದಿದ್ದರೆ ಡೊಮೇನ್ ತಮ್ಮದೆಂದು ಸಾಬೀತು ಮಾಡುವುದಕ್ಕೇ ವಾರಗಟ್ಟಲೆ ಹಿಡಿಯುತ್ತಿತ್ತು.

ಮೊದಲ ಪ್ರಯತ್ನ ಕಂಪನಿಯವರೊಂದಿಗೆ ಚಾಟ್‌ನಲ್ಲಿ ಚೌಕಾಸಿ. 48 ತಿಂಗಳಿಗೆ ಕಟ್ಟಿದರೆ ಹೋಸ್ಟಿಂಗ್‌ನಲ್ಲಿ 20% ಬಿಡುತ್ತೇವೆ ಎಂದರು. ಲೆಕ್ಕ ಹಾಕಿದರೆ 19,161.60, ತೆರಿಗೆ ಬೇರೆ. ರಿಯಾಯಿತಿ ಎಂದು ಕಾಣುವುದು, ಕೈಯಿಂದ ಹೋಗುವುದು ಮೊದಲಿಗಿಂತ ಹೆಚ್ಚು, ಇನ್ನೊಂದು ವರ್ಷ ಜಾಸ್ತಿ ಅಲ್ಲೇ ಕಟ್ಟಿಹಾಕಿದ ಹಾಗೆ. ಅಂಗಡಿಯವರು ಬೇಡವೆಂದರು.

ಎರಡನೆಯದು, ಅಣ್ಣ-ತಮ್ಮರಲ್ಲಿ ಕಿರಿಯವರು ಸೂಚಿಸಿದ್ದು: ಹಳೆಯ ಸುರಕ್ಷತಾ ಶುಲ್ಕವನ್ನೆಲ್ಲ ಬ್ಯಾಂಕಿನಲ್ಲಿ ತಕರಾರು ಹಾಕಿ ವಾಪಸ್ ಪಡೆಯೋಣ, ಅಂದರೆ ಚಾರ್ಜ್‌ಬ್ಯಾಕ್. ಊರಿನಲ್ಲಿ ಸರ್ವರ್ ಕೆಲಸ ಮಾಡುವ ಒಬ್ಬರನ್ನು ಅಷ್ಟರಲ್ಲಿ ಕರೆಸಿದ್ದರು, ಅವರು ತಡೆದರು. ಕಾರಣ ಗಟ್ಟಿಯಾಗಿತ್ತು. ಐಕ್ಯಾನ್‌ನ ವರ್ಗಾವಣೆ ನಿಯಮದಲ್ಲಿ ಕಂಪನಿ ಡೊಮೇನ್ ಬಿಟ್ಟುಕೊಡಲು ನಿರಾಕರಿಸಬಹುದಾದ ಕೆಲವೇ ಕಾರಣಗಳಿವೆ. ಆ ಡೊಮೇನಿನ ನೋಂದಣಿ ಹಣ ಬಾಕಿ ಇರುವುದು, ಚಾರ್ಜ್‌ಬ್ಯಾಕ್ ಆಗಿರುವುದು ಅವುಗಳಲ್ಲೊಂದು. ಹಳೆಯ ಬಿಲ್ಲುಗಳಲ್ಲಿ ಡೊಮೇನು ಮತ್ತು ಸುರಕ್ಷತೆ ಒಂದೇ ಮೊತ್ತದಲ್ಲಿ ಸೇರಿದ್ದವು. ಮೂರು ಸಾವಿರ ಚಿಲ್ಲರೆಗೆ ತಕರಾರು ಹೂಡಿ ಅಂಗಡಿಯ ಹೆಸರನ್ನೇ ಅವರ ಕೈಗೆ ಜಗ್ಗಲು ಕೊಡುವುದು ಬುದ್ಧಿವಂತಿಕೆಯಲ್ಲ. ಹಣದ ಜಗಳ ಡೊಮೇನ್ ಕೈಗೆ ಬಂದ ಮೇಲೆ.

ಮೂರನೆಯದು ಇನ್ನೂ ಸಹಜವಾದ ತಪ್ಪು, ಮಾಡುವ ಹಂತಕ್ಕೆ ಬಂದಿತ್ತು: ಖಾತೆಗೆ ಹೋದ ಕೂಡಲೇ ಡೊಮೇನಿನ ಒಡೆಯನ ಹೆಸರು, ಇಮೇಲ್ ಮಾಲೀಕರದ್ದಕ್ಕೆ ಬದಲಿಸುವುದು. ಹೆಸರು, ಸಂಸ್ಥೆ ಅಥವಾ ಇಮೇಲ್, ಈ ಮೂರರಲ್ಲಿ ಯಾವುದು ಬದಲಾದರೂ 60 ದಿನ ಡೊಮೇನ್ ಬೇರೆ ಕಂಪನಿಗೆ ಹೋಗದಂತೆ ಬೀಗ ಬೀಳುತ್ತದೆ. ಕೆಲವು ಕಂಪನಿಗಳು ಬದಲಿಸುವ ಮೊದಲೇ 'ಬೀಗ ಬೇಡ' ಎಂದು ಆರಿಸಲು ಬಿಡುತ್ತವೆ, ಈ ಕಂಪನಿಯ ಪುಟದಲ್ಲಿ ಆ ಆಯ್ಕೆ ಇರಲಿಲ್ಲ. ಹಾಗಾಗಿ ಹೆಸರು ಹುಡುಗನದೇ ಇರಲಿ, ಖಾತೆಯ ಪಾಸ್‌ವರ್ಡ್ ಮಾತ್ರ ಬದಲಿಸಿ ಎಂದು ಸರ್ವರ್ ಕೆಲಸದವರು ಹೇಳಿದರು.

ದಿಕ್ಕು ಬದಲಾದದ್ದು

ಅಲ್ಲಿಯವರೆಗೆ ಎಲ್ಲರ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: 27,000 ಕಟ್ಟಬೇಕೋ ಬೇಡವೋ. ಸರ್ವರ್ ಕೆಲಸದವರು ಬಿಲ್ಲನ್ನು ಮೇಜಿನ ಮೇಲೆ ಹರಡಿ ಬಿಡಿ ಬಿಡಿಯಾಗಿ ಗೀಟು ಹಾಕಿದರು. ಡೊಮೇನ್ ಒಂದು ವಸ್ತು. ಆ ಹೆಸರು ಯಾವ ಸರ್ವರ್ ತೋರಿಸಬೇಕೆಂದು ಹೇಳುವ ಡಿಎನ್‌ಎಸ್ ಇನ್ನೊಂದು. ವೆಬ್‌ಸೈಟಿನ ಕಡತಗಳು ಮತ್ತೊಂದು. ಮೇಲ್ ಬೇರೆ. ಮಾರುವವರು ಒಂದೇ ಗಂಟು ಕಟ್ಟಿ ಕೊಟ್ಟಿದ್ದಾರೆಂದು ಅದು ಒಂದೇ ವಸ್ತುವಾಗುವುದಿಲ್ಲ. ಹೋಸ್ಟಿಂಗ್ ಬದಲಿಸಲು ಡೊಮೇನನ್ನು ವರ್ಗಾಯಿಸುವ ಅಗತ್ಯವೇ ಇಲ್ಲ. ಡಿಎನ್‌ಎಸ್ ಬದಲಿಸಿದರೆ ಸಾಕು.

ನವೆಂಬರ್ 27ರಂದು ಎರಡು ಸಣ್ಣ ಮೊತ್ತ ಕಟ್ಟಿದರು. ಡೊಮೇನಿಗೆ ಮಾತ್ರ ಬೇರೆ ಬಿಲ್ಲು ಮಾಡಿಕೊಡಿ ಎಂದು ಚಾಟ್‌ನಲ್ಲಿ ಮೂರನೇ ಸಲ ಕೇಳಿದ ಮೇಲೆ ಮಾಡಿಕೊಟ್ಟರು: 1,399, ತೆರಿಗೆ ಸೇರಿ 1,650.82. ಹೋಸ್ಟಿಂಗ್‌ಗೆ ಅವಧಿ ಆರಿಸುವ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ 'ಒಂದು ತಿಂಗಳು, 899' ಎಂದಿತ್ತು, ತೆರಿಗೆ ಸೇರಿ 1,060.82. ತಿಂಗಳಿಗೆ 899 ಎಂದರೆ 149ರ ಆರು ಪಟ್ಟು. ಮಾಲೀಕರಿಗೆ ಮನಸ್ಸಿರಲಿಲ್ಲ. ಆದರೆ ಖಾತೆ ಮುಚ್ಚಿದ್ದರಿಂದ ಕಡತ, ಮೂರು ವರ್ಷದ ಪತ್ರವ್ಯವಹಾರ ಎರಡೂ ಒಳಗೇ ಇದ್ದವು, ಹೊರಗೆ ಬೇರೆ ಪ್ರತಿ ಇರಲಿಲ್ಲ. ಬ್ಯಾಕಪ್ ಇಟ್ಟುಕೊಳ್ಳುವುದು ಗಿರಾಕಿಯ ಹೊಣೆ ಎಂದು ಷರತ್ತಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. 1,060 ರೂಪಾಯಿಗೆ ಮೇಲ್ ಅವತ್ತು ಸಂಜೆಯೇ ಮತ್ತೆ ಹರಿಯಿತು, ಸಾಮಾನು ಖಾಲಿ ಮಾಡಲು 30 ದಿನ ಸಿಕ್ಕಿತು. ಈ ಪ್ರಕರಣದಲ್ಲಿ ಖರ್ಚಾದ ಹಣದಲ್ಲೆಲ್ಲ ಅತ್ಯಂತ ಸರಿಯಾಗಿ ಖರ್ಚಾದದ್ದು ಅದೇ.

ಮರುದಿನವೇ ಖಾತೆಯಲ್ಲಿ ಆಟೋ-ರಿನ್ಯೂವಲ್ (ತಾನಾಗಿ ನವೀಕರಣ) ನಿಲ್ಲಿಸಿದರು, ಬ್ಯಾಂಕಿನ ಕಡೆಯಿಂದ ಇ-ಮ್ಯಾಂಡೇಟನ್ನೂ ರದ್ದು ಮಾಡಿಸಿದರು. ಎರಡೂ ಬೇಕು. ಖಾತೆಯಲ್ಲಿ ಅದನ್ನು ನಿಲ್ಲಿಸಲು ಡೊಮೇನಿಗೆ ಒಂದು, ಹೋಸ್ಟಿಂಗ್‌ಗೆ ಒಂದು, ಸುರಕ್ಷತೆಗೆ ಒಂದು ಎಂದು ಬೇರೆ ಬೇರೆ ಗುಂಡಿಗಳಿರುತ್ತವೆ, ಒಂದು ಕಣ್ತಪ್ಪಿದರೂ ಹಣ ಹೋಗುತ್ತದೆ.

ಸಾಮಾನು ಖಾಲಿ ಮಾಡಿದ್ದು

ಯೋಜನೆಯ ಹೆಸರಲ್ಲೇ 'ಅನ್‌ಲಿಮಿಟೆಡ್' ಇತ್ತು. ಒಳಗೆ ಹೋಗಿ ನೋಡಿದರೆ ಐನೋಡ್ ಮಿತಿ 2,50,000, ಆಗಲೇ ಬಳಸಿದ್ದು 2,31,000. ಐನೋಡ್ ಎಂದರೆ ಕಡತಗಳ ಸಂಖ್ಯೆ ಎಂದುಕೊಂಡರೆ ಸಾಕು. ಜಾಗ ಎಷ್ಟಿದ್ದರೇನು, ಕಡತಗಳ ಎಣಿಕೆ ಮುಗಿದರೆ ಹೊಸ ಫೋಟೋ ಏರುವುದಿಲ್ಲ, ಹೊಸ ಮೇಲ್ ಇಳಿಯುವುದಿಲ್ಲ. ಈ ಅಂಗಡಿಗೆ ಇಷ್ಟೊಂದು ಕಡತ ಎಲ್ಲಿಂದ ಬಂತು? ಸರ್ವರಿನಲ್ಲಿ ಮೇಲ್‌ಡಿರ್ ಎಂಬ ಪದ್ಧತಿಯಲ್ಲಿ ಒಂದೊಂದು ಪತ್ರವೂ ಒಂದೊಂದು ಕಡತ. ಸ್ಪ್ಯಾಮ್ ಸೇರಿ ಮೂರು ಡಬ್ಬಿಗಳಲ್ಲಿ 1,40,000 ಪತ್ರ ಕೂತಿದ್ದವು. ವರ್ಡ್‌ಪ್ರೆಸ್ ಒಂದು ಫೋಟೋ ಹಾಕಿದರೆ ಬೇರೆ ಬೇರೆ ಅಳತೆಯ ಎಂಟು ಹತ್ತು ಪ್ರತಿ ಮಾಡಿಕೊಳ್ಳುತ್ತದೆ. ಮೇಲೆ ಕ್ಯಾಶ್ ಕಡತಗಳು (ಪುಟ ಬೇಗ ತೆರೆಯಲೆಂದು ಇಟ್ಟ ತಾತ್ಕಾಲಿಕ ಪ್ರತಿಗಳು) ಹತ್ತಾರು ಸಾವಿರ. 'ಮಿತಿಯಿಲ್ಲ' ಎಂದು ಮಾರಿದ ಯೋಜನೆ ಇನ್ನು ಆರು ತಿಂಗಳಲ್ಲಿ ತಾನೇ ತುಂಬಿ, ಮೇಲಿನ ದರದ ಯೋಜನೆಗೆ ಹೋಗಿ ಎನ್ನುತ್ತಿತ್ತು.

ಕ್ಯಾಶ್ ಮತ್ತು ಸ್ಪ್ಯಾಮ್ ಅಳಿಸಿದರು. 2023ಕ್ಕಿಂತ ಹಳೆಯ ಪತ್ರಗಳನ್ನು ಅಂಗಡಿಯ ಕಂಪ್ಯೂಟರಿನ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶಕ್ಕೆ ಇಳಿಸಿ, ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಆಮೇಲೆ ಸರ್ವರಿನಿಂದ ತೆಗೆದರು. ಉಳಿದದ್ದು 74,000 ಕಡತ.

ಬ್ಯಾಕಪ್ ಪ್ಲಗಿನ್ ಅರ್ಧಕ್ಕೇ ನಿಂತಿತು. ಅಗ್ಗದ ಯೋಜನೆಯಲ್ಲಿ ಸಿಪಿಯು ಬಳಕೆಗೆ ಮತ್ತು ವರ್ಡ್‌ಪ್ರೆಸ್‌ನ ಭಾಷೆಯಾದ ಪಿಎಚ್‌ಪಿ ಓಡುವ ಸಮಯಕ್ಕೆ ಮಿತಿ ಇರುತ್ತದೆ, ಆರು ಜಿಬಿ ಒಟ್ಟಿಗೆ ಜಿಪ್ ಮಾಡಲು ಅದು ಸಾಲುವುದಿಲ್ಲ. ಹಾಗಾಗಿ ಫೋಟೋಗಳ ಫೋಲ್ಡರನ್ನು ವರ್ಷವಾರು ಬಿಡಿಸಿ ಒಂದೊಂದನ್ನೇ ಜಿಪ್ ಮಾಡಿ ಇಳಿಸಿದರು. ಸೈಟಿನ ಬರಹಗಳಿರುವ ಡೇಟಾಬೇಸನ್ನು ಪಿಎಚ್‌ಪಿ-ಮೈ-ಅಡ್ಮಿನ್ ಎಂಬ ತಂತ್ರಾಂಶದಿಂದ ತೆಗೆದಾಗ 86 ಎಂಬಿ ಇತ್ತು, ಹೊಸ ಕಡೆ ಏರಿಸುವ ಮಿತಿ 50 ಎಂಬಿ. ಎಕ್ಸ್‌ಪೋರ್ಟ್ ಮಾಡುವಾಗಲೇ ಕಡತ ಕುಗ್ಗಿಸುವ ಜಿಜಿಪ್ ಆಯ್ಕೆ ಮಾಡಿದರೆ 11 ಎಂಬಿಗೆ ಇಳಿಯಿತು. ಹೊಸ ಸರ್ವರಿನಲ್ಲಿ ಡೇಟಾಬೇಸ್ ಹೆಸರು, ಬಳಕೆದಾರ, ಪಾಸ್‌ವರ್ಡ್ ಬದಲಾದ್ದರಿಂದ ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತದಲ್ಲಿ ಆ ಸಾಲುಗಳನ್ನು ತಿದ್ದಿದರು. ಲೋಕಕ್ಕೆ ತೋರಿಸುವ ಮೊದಲು ತಮ್ಮ ಲ್ಯಾಪ್‌ಟಾಪಿನ ಹೋಸ್ಟ್ಸ್ ಕಡತದಲ್ಲಿ ಹೊಸ ಸರ್ವರಿನ ಐಪಿ ವಿಳಾಸ ಬರೆದು, ಅದೊಂದು ಯಂತ್ರದಲ್ಲಿ ಮಾತ್ರ ಹೊಸ ಸೈಟ್ ತೆರೆದು ಪ್ರತಿ ಪುಟ ನೋಡಿದರು.

ಡಿಎನ್‌ಎಸ್ ತಿರುಗಿಸಿದ್ದು ಎರಡು ಹಂತದಲ್ಲಿ. ಡಾಟ್ ಕಾಮ್ ಹೆಸರಿನ ಡಿಎನ್‌ಎಸ್ ದಾಖಲೆ ಯಾವ ಸರ್ವರಿನಲ್ಲಿದೆ ಎಂಬ ನೇಮ್‌ಸರ್ವರ್ ಮಾಹಿತಿಯನ್ನು ಜಗತ್ತಿನ ಸರ್ವರುಗಳು 48 ಗಂಟೆಯವರೆಗೆ ನೆನಪಿಟ್ಟುಕೊಳ್ಳುತ್ತವೆ. ನೇರವಾಗಿ ನೇಮ್‌ಸರ್ವರನ್ನೇ ಬದಲಿಸಿದರೆ ಎರಡು ದಿನ ಕೆಲವು ಮೇಲ್ ಹಳೆಯ ಕಡೆಗೆ, ಕೆಲವು ಹೊಸ ಕಡೆಗೆ. ಅದಕ್ಕೆ ಮೊದಲು ಹಳೆಯ ಡಿಎನ್‌ಎಸ್‌ನಲ್ಲೇ ಈ ನೆನಪಿನ ಅವಧಿಯನ್ನು, ಅಂದರೆ ದಾಖಲೆಗಳ ಟಿಟಿಎಲ್ ಅನ್ನು 14,400 ಸೆಕೆಂಡಿನಿಂದ 300ಕ್ಕೆ ಇಳಿಸಿದರು. ಹಳೆಯ ನಾಲ್ಕು ಗಂಟೆ ಕಳೆಯುವವರೆಗೆ ಕಾದು, ರಾತ್ರಿ ಸೈಟ್ ಎಲ್ಲಿದೆ ಎನ್ನುವ ಎ ಮತ್ತು ಮೇಲ್ ಎಲ್ಲಿಗೆ ಹೋಗಬೇಕು ಎನ್ನುವ ಎಂಎಕ್ಸ್ ದಾಖಲೆಗಳನ್ನು ಹೊಸ ಸರ್ವರಿಗೆ ತಿರುಗಿಸಿದರು. ಎರಡು ದಿನದ ಮೇಲೆ, ಅದೇ ದಾಖಲೆಗಳನ್ನು ಮೊದಲೇ ಬರೆದಿಟ್ಟ ಒಂದು ಉಚಿತ ಸ್ವತಂತ್ರ ಡಿಎನ್‌ಎಸ್ ಸೇವೆಗೆ ನೇಮ್‌ಸರ್ವರ್ ಬದಲಿಸಿದರು. ಮುಂದೆ ಹೋಸ್ಟಿಂಗ್ ಯಾವುದಾದರೂ ಆಗಲಿ, ಡಿಎನ್‌ಎಸ್ ಅಲ್ಲೇ ಇರುತ್ತದೆ.

ಪತ್ರಗಳನ್ನು ಐಮ್ಯಾಪ್‌ಸಿಂಕ್ ಎಂಬ ತಂತ್ರಾಂಶದಲ್ಲಿ ದಾಟಿಸಿದರು. ಮೂರು ದಿನ ಬಿಟ್ಟು ಮತ್ತೊಮ್ಮೆ ಓಡಿಸಿದಾಗ ಹಳೆಯ ಡಬ್ಬಿಯಲ್ಲಿ 17 ಹೊಸ ಪತ್ರ ಸಿಕ್ಕವು, ಅದರಲ್ಲೊಂದು ಪರ್ಚೇಸ್ ಆರ್ಡರ್. ಈ ಎರಡನೇ ಸುತ್ತನ್ನು ಬಹಳ ಜನ ಬಿಡುತ್ತಾರೆ.

ಒಂದು ಎಡವಟ್ಟೂ ಆಯಿತು. ಡೊಮೇನಿನ ಮೇಲ್ ಯಾವ ಸರ್ವರಿನಿಂದ ಬರಬಹುದೆಂದು ಹೇಳುವ ಹೊಸ ಎಸ್‌ಪಿಎಫ್ ದಾಖಲೆ ಸೇರಿಸುವಾಗ ಹಳೆಯದನ್ನು ತೆಗೆಯಲಿಲ್ಲ. ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ಇದ್ದರೆ ಎರಡೂ ಲೆಕ್ಕಕ್ಕಿಲ್ಲ. ಮೇಲ್ ಅಸಲಿ ಎಂದು ತೋರಿಸುವ ಸಹಿಯ ಡಿಕೆಐಎಂ ಕೀಲಿಯೂ ಹಳೆಯದೇ ಇತ್ತು. 2024ರ ಫೆಬ್ರುವರಿಯಿಂದ ಜಿಮೇಲ್ ತನಗೆ ಬರುವ ಎಲ್ಲ ಮೇಲ್‌ಗೂ ಎರಡರಲ್ಲಿ ಒಂದಾದರೂ ಸರಿ ಇರಲೇಬೇಕು ಎನ್ನುತ್ತದೆ. ಒಂದೂವರೆ ದಿನ ಕೊಟೇಷನ್‌ಗಳು ಗಿರಾಕಿಗಳ ಸ್ಪ್ಯಾಮಿಗೆ ಬಿದ್ದವು. ಹಳೆಯ ಸಾಲು ಅಳಿಸಿ, ಹೊಸ ಕೀಲಿ ಹಾಕಿದ ಮೇಲೆ ಸರಿಹೋಯಿತು.

ಡೊಮೇನಿಗೆ 45 ದಿನ ಕಾದದ್ದು

ಡೊಮೇನನ್ನೂ ತಕ್ಷಣ ಬೇರೆಡೆಗೆ ಒಯ್ಯಬೇಕೆಂದು ಮಾಲೀಕರಿಗೆ ಆತುರ. ಇಲ್ಲಿ ತಡೆದದ್ದಕ್ಕೂ ಕಾರಣವಿದೆ. ಅವಧಿ ಮುಗಿದ ಮೇಲೆ ನವೀಕರಿಸಿದ ಡಾಟ್ ಕಾಮ್ ಹೆಸರನ್ನು, ಮುಗಿದ ದಿನದಿಂದ 45 ದಿನದೊಳಗೆ ವರ್ಗಾಯಿಸಿದರೆ ಆಗ ಕಟ್ಟಿದ ವರ್ಷ ಕಳೆದುಹೋಗುತ್ತದೆ. ವರ್ಗಾವಣೆಯಲ್ಲಿ ಒಂದು ವರ್ಷ ಸೇರುತ್ತದೆ ನಿಜ, ಆದರೆ ಈಗಾಗಲೇ ಕಟ್ಟಿದ 1,650 ಹೋದಂತೆಯೇ. ನವೆಂಬರ್ 24ಕ್ಕೆ 45 ದಿನ ಕೂಡಿದರೆ ಜನವರಿ 8. ಡಿಎನ್‌ಎಸ್ ಆಗಲೇ ಕೈಯಲ್ಲಿದ್ದುದರಿಂದ ಕಾಯುವುದರಲ್ಲಿ ಅಪಾಯವಿರಲಿಲ್ಲ.

2025ರ ಜನವರಿ 10ರಂದು ಬೀಗ ತೆಗೆದು ವರ್ಗಾವಣೆಯ ಕೋಡ್ ಕೇಳಿದರು. ಖಾತೆಯಲ್ಲಿ ಹೋಸ್ಟಿಂಗ್‌ನ ಬಾಕಿ ಬಿಲ್ಲು ಇದೆ, ಅದು ತೀರಿದ ಮೇಲೆ ಕೋಡ್ ಎಂದು ಉತ್ತರ ಬಂತು. ಆ ಬಾಕಿ ಎಂದರೆ ಯಾರೂ ಒಪ್ಪದ ಅದೇ 27,328.80. ಮರುಪತ್ರದಲ್ಲಿ ಕೂಗಾಟವಿರಲಿಲ್ಲ, ಮೂರೇ ಸಾಲು: ಈ ಡೊಮೇನಿನ ನೋಂದಣಿ ಶುಲ್ಕ ಪೂರ್ತಿ ಸಂದಾಯವಾಗಿದೆ, ರಶೀದಿ ಜೊತೆಗಿದೆ. ಬೇರೆ ಸೇವೆಯ ಬಾಕಿ ವರ್ಗಾವಣೆ ತಡೆಯಲು ಕಾರಣವಾಗದು. ಕೇಳಿದ ಐದು ದಿನದೊಳಗೆ ಕೋಡ್ ಕೊಡಬೇಕೆಂಬುದು ಐಕ್ಯಾನ್ ನಿಯಮ, ಕೊಡದಿದ್ದರೆ ಅಲ್ಲಿಗೇ ದೂರು ಹೋಗುತ್ತದೆ. ನಾಲ್ಕನೇ ದಿನ ಕೋಡ್ ಬಂತು. ಜನವರಿ 18ಕ್ಕೆ ವರ್ಗಾವಣೆ ಮುಗಿಯಿತು. ಒಡೆಯನ ಹೆಸರು ಬದಲಿಸಿದ್ದು ಆಮೇಲೆ, ಹೊಸ ಕಂಪನಿಯಲ್ಲಿ.

ಡಾಟ್ ಇನ್ ಹೆಸರು ಇಟ್ಟುಕೊಂಡವರು ಗಮನಿಸಬೇಕು: ಅದನ್ನು ನೋಡಿಕೊಳ್ಳುವುದು ಭಾರತದ ಸಂಸ್ಥೆ ನಿಕ್ಸಿ, ಐಕ್ಯಾನ್‌ನ ಈ ನಿಯಮಗಳನ್ನು ಅಲ್ಲಿ ಹಾಗೇ ಉಲ್ಲೇಖಿಸಿದರೆ ನಡೆಯುವುದಿಲ್ಲ.

ದೂರು, ಮತ್ತು ಸಿಕ್ಕಿದ್ದು

ಕಂಪನಿಗೆ ದೂರು ಕೊಟ್ಟದ್ದು ಡಿಸೆಂಬರ್ ಕೊನೆಯಲ್ಲಿ, ಮೇಲ್ ಮತ್ತು ಕಡತ ಹೊಸ ಕಡೆ ಗಟ್ಟಿಯಾದ ಮೇಲೆ. ಬ್ಯಾಂಕಿನ ತಕರಾರಿನಂತೆ ಇದು ಹಣ ಹಿಂದಕ್ಕೆಳೆಯುವುದಿಲ್ಲವಾದ್ದರಿಂದ ವರ್ಗಾವಣೆಗೆ ಅಡ್ಡಿಯಿರಲಿಲ್ಲ. ಕೇಳಿದ್ದು ಸುರಕ್ಷತಾ ಸೇವೆಗೆ 2022 ಮತ್ತು 2023ರಲ್ಲಿ ಹೋದ 2,829.64 ರೂಪಾಯಿ.

ಮೊದಲು ಬರೆದ ದೂರಿನಲ್ಲಿ ಡಾರ್ಕ್ ಪ್ಯಾಟರ್ನ್, ಅಂದರೆ ಗಿರಾಕಿಯನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳ ವಿರುದ್ಧದ ಸರ್ಕಾರಿ ಮಾರ್ಗಸೂಚಿಯನ್ನು ಹಿಡಿದಿದ್ದರು. ಮೊದಲೇ ಬುಟ್ಟಿಗೆ ಸಾಮಾನು ತುರುಕುವುದು, ಚಂದಾ ಬಲೆ, ಹನಿಹನಿಯಾಗಿ ಬೆಲೆ ತೋರಿಸುವುದು ಎಲ್ಲ ಅದರ 13 ಪ್ರಕಾರಗಳಲ್ಲಿವೆ. ಆದರೆ ಅದು ಜಾರಿಗೆ ಬಂದದ್ದು 2023ರ ನವೆಂಬರ್ 30. ಕೊನೆಯ ಹಣ ಕಡಿತವಾದದ್ದು ಅದೇ ತಿಂಗಳ ಎರಡನೇ ವಾರ. ಕಂಪನಿಯ ಕುಂದುಕೊರತೆ ಅಧಿಕಾರಿ ಇದನ್ನೇ ತೋರಿಸಿ ತಳ್ಳಿಹಾಕಿದರು. ಎರಡನೇ ದೂರು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಮೇಲೆ ನಿಂತಿತು. ಮೊದಲೇ ಟಿಕ್ ಹಾಕಿದ ಚೌಕವನ್ನು ಒಪ್ಪಿಗೆ ಎಂದು ದಾಖಲಿಸಬಾರದು ಎಂದು ಅಲ್ಲಿ ನೇರವಾಗಿಯೇ ಇದೆ, 2021ರ ಖರೀದಿಗೆ ಅದು ಅನ್ವಯಿಸುತ್ತದೆ. ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂಬ ಕಟ್ಟಳೆಯೂ ಅದರಲ್ಲೇ ಇದೆ. ಜೊತೆಗೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿದರು.

ಸಿಕ್ಕಿದ್ದು 2023ರ 1,414.82 ಮಾತ್ರ. 2022ರದ್ದಕ್ಕೆ ಆಗಲೇ ಎರಡು ವರ್ಷ ದಾಟಿತ್ತು, ಗ್ರಾಹಕರ ಆಯೋಗಕ್ಕೆ ಹೋಗಲು ಕಾನೂನು ಕೊಡುವ ಸಮಯವೂ ಎರಡೇ ವರ್ಷ. ಟಿಕ್ ಮೊದಲೇ ಬಿದ್ದಿತ್ತೆಂದು ತೋರಿಸುವ ಸ್ಕ್ರೀನ್‌ಶಾಟ್ ಯಾರ ಬಳಿಯೂ ಇರಲಿಲ್ಲ, ಅದು ಅವರ ಪಕ್ಷದ ದೊಡ್ಡ ಕೊರತೆ.

ಆಯೋಗಕ್ಕೆ ಹೋಗದಿರಲು ತೀರ್ಮಾನಿಸಿದರು. ವಾಸವಿರುವ ಊರಿನಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ಷರತ್ತಿನಲ್ಲಿ ಬೇರೆ ಊರಿನ ಮಧ್ಯಸ್ಥಿಕೆ ಎಂದು ಬರೆದಿದ್ದರೂ ಅದು ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಇಷ್ಟೆಲ್ಲ ಅನುಕೂಲವಿದ್ದರೂ ಎರಡು ತೊಡಕಿದ್ದವು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆಯಂತೆ ಗ್ರಾಹಕರಲ್ಲ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ನಡೆಸುವವರಿಗೆ ಮಾತ್ರ ವಿನಾಯಿತಿ. ಈ ಅಂಗಡಿ ಅದರೊಳಗೆ ಬರುತ್ತದೆಂದು ವಾದಿಸಬೇಕು. ಇನ್ನು, ಕಂಪನಿ ಯಾವಾಗ ಬೇಕಾದರೂ ಕಾರಣ ಕೊಡದೆ ಸೇವೆ ನಿಲ್ಲಿಸಬಹುದು ಎಂಬಂಥ ಷರತ್ತನ್ನು ಅನ್ಯಾಯದ ಕರಾರು ಎಂದು ಪ್ರಶ್ನಿಸಬೇಕಾದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲಿಲ್ಲ, ಮೊತ್ತ ಎಷ್ಟೇ ಸಣ್ಣದಿರಲಿ ರಾಜ್ಯ ಆಯೋಗಕ್ಕೇ ಹೋಗಬೇಕು. 1,400 ರೂಪಾಯಿಗೆ ಬೆಂಗಳೂರಿಗೆ ಓಡಾಡುವ ಪುರುಸೊತ್ತು ಅವರಿಗಿರಲಿಲ್ಲ. ಇದು ಕಾನೂನಿನಲ್ಲಿರುವ ನಿಜವಾದ ಕುಂದು. ಸಣ್ಣ ಮೊತ್ತದ ಅನ್ಯಾಯವೇ ಹೆಚ್ಚು ಜನರಿಗೆ ಆಗುವುದು.

ಲೆಕ್ಕ, ಮತ್ತು ಬೇರೆಯವರು ನೋಡಿಕೊಳ್ಳಬೇಕಾದ್ದು

ಹೊಸ ಹೋಸ್ಟಿಂಗ್ ವರ್ಷಕ್ಕೆ 2,400, ನವೀಕರಣಕ್ಕೂ ಅದೇ ದರ ಎಂದು ಬರವಣಿಗೆಯಲ್ಲಿ ಪಡೆದದ್ದು. ಡೊಮೇನ್ ಬೇರೆ ಕಂಪನಿಯಲ್ಲಿ 1,100. ತೆರಿಗೆ ಸೇರಿ ವರ್ಷಕ್ಕೆ 4,130, ಮೂರು ವರ್ಷಕ್ಕೆ 12,390. ಹಳೆಯ ಕಡೆ ಇದೇ ಮೂರು ವರ್ಷಕ್ಕೆ 39,591. ನಿರ್ಗಮನಕ್ಕೆ ಹಳೆಯ ಕಂಪನಿಗೆ ಕಟ್ಟಿದ್ದು 2,711.64. ಸುಗ್ಗಿಯಲ್ಲಿ ಮೇಲ್ ನಿಂತ ಮೂರು ದಿನಕ್ಕೆ ಎಷ್ಟು ಆರ್ಡರ್ ಕೈತಪ್ಪಿತೆಂದು ಅಂಗಡಿಯವರು ಲೆಕ್ಕ ಹಾಕಲಿಲ್ಲ, ಹಾಕಲು ದಾರಿಯೂ ಇರಲಿಲ್ಲ.

ಕೊಳ್ಳುವ ಮೊದಲು ತಿಂಗಳ ದರ ನೋಡಬಾರದು. ಮೊದಲ ಅವಧಿ ಮತ್ತು ಅದರ ಮುಂದಿನ ಅವಧಿ, ಎರಡರಲ್ಲೂ ಕೈಯಿಂದ ಹೋಗುವ ಒಟ್ಟು ಹಣವನ್ನು ತೆರಿಗೆ, ಡೊಮೇನು, ಎಸ್‌ಎಸ್‌ಎಲ್ ಸಮೇತ ಒಂದು ಚೀಟಿಯಲ್ಲಿ ಬರೆಯಬೇಕು. ನವೀಕರಣದ ದರ ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಮೊತ್ತದ ಕೆಳಗೆ ತೆಳು ಅಕ್ಷರದಲ್ಲಿ ಇರುತ್ತದೆ. ಹಣ ಕಟ್ಟುವ ಪುಟದ ಸ್ಕ್ರೀನ್‌ಶಾಟ್ ಟಿಕ್ ತೆಗೆಯುವ ಮೊದಲು ಒಂದು, ತೆಗೆದ ಮೇಲೆ ಒಂದು ಇರಲಿ. 30 ದಿನದಲ್ಲಿ ಹಣ ವಾಪಸ್ ಎಂಬಲ್ಲಿ ಡೊಮೇನಿನ ಹಣ ಕಡಿದುಕೊಳ್ಳುತ್ತಾರೆಯೇ ಎಂದು ಕೇಳಿಕೊಳ್ಳಿ. ಅನ್‌ಲಿಮಿಟೆಡ್ ಎಂದಿದ್ದರೆ ಐನೋಡ್ ಮಿತಿ ಎಷ್ಟೆಂದು ಚಾಟ್‌ನಲ್ಲಿ ಬರೆಸಿಕೊಳ್ಳಿ. ಅವರದೇ ಸೈಟ್ ಬಿಲ್ಡರ್‌ನಲ್ಲಿ ಕಟ್ಟಿಸಬೇಡಿ, ಅದು ಹೊರಗೆ ಬರುವುದಿಲ್ಲ. ಈ ಅಂಗಡಿ ವರ್ಡ್‌ಪ್ರೆಸ್‌ನಲ್ಲಿ ಇದ್ದುದರಿಂದಲೇ ವಾರದಲ್ಲಿ ಹೊರಬರಲು ಆಯಿತು.

ಡೊಮೇನ್ ಒಡೆಯರ ಹೆಸರಿನಲ್ಲಿ, ಒಡೆಯರೇ ದಿನಾ ತೆರೆಯುವ ಇಮೇಲ್‌ನಲ್ಲಿ ಇರಬೇಕು. ಆ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು, ಏಕೆಂದರೆ ಡೊಮೇನ್ ನಿಂತ ದಿನ ಅದೂ ನಿಲ್ಲುತ್ತದೆ. ಡೊಮೇನಿನ ಮತ್ತು ಹೋಸ್ಟಿಂಗ್‌ನ ಕೊನೆಯ ದಿನಗಳು ಬೇರೆ ಬೇರೆ ತಿಂಗಳಲ್ಲಿರಲಿ. ಸುಗ್ಗಿಯಲ್ಲಿ ಎರಡೂ ಬೇಡ. ಈ ಅಂಗಡಿಯವರು ಹೊಸ ಹೋಸ್ಟಿಂಗ್‌ಗೆ ಮೊದಲ ಸಲ ಎಂಟು ತಿಂಗಳಿಗೆ ಮಾತ್ರ ಕಟ್ಟಿ, ದಿನಾಂಕವನ್ನು ವ್ಯಾಪಾರ ತಣ್ಣಗಿರುವ ಆಗಸ್ಟಿಗೆ ತಂದುಕೊಂಡರು.

ಬೆಂಗಳೂರಿನ ಹುಡುಗ ಯುಗಾದಿಗೆ ಊರಿಗೆ ಬಂದಾಗ ಅಂಗಡಿಗೂ ಬಂದ. ಅವನ ಆ ಹಳೆಯ ಇಮೇಲ್‌ನಲ್ಲಿ ದಾವಣಗೆರೆ, ಚಿತ್ರದುರ್ಗದ ಇನ್ನೂ ಆರು ಅಂಗಡಿಗಳ ಖಾತೆಗಳಿದ್ದವು. ಮೇಜಿನ ಮುಂದೆ ಕೂತು ಒಂದೊಂದರ ಡೊಮೇನ್ ಮುಗಿಯುವ ದಿನ, ಹೋಸ್ಟಿಂಗ್ ಮುಗಿಯುವ ದಿನ, ಯಾರ ಕಾರ್ಡು, ಎಷ್ಟು ಮೊತ್ತ ಎಂದು ಬರೆದುಕೊಂಡು ಹೋದ. ಎರಡರ ಅವಧಿ ಜೂನ್‌ನಲ್ಲಿತ್ತು.